ಕೆಂಪು ಚುಕ್ಕೆಯ ರಬ್ಬರು

ಅಂಗಡಿಯಾಕೆ ಗಾಜಿನ ಕಟ್ಟೆಯ ಮೇಲೆ ಮೂರು ರಬ್ಬರ್ ಬಳೆಗಳನ್ನು ಸಾಲಾಗಿ ಇಟ್ಟು, ಇನ್ನು ನೀವುಂಟು ನಿಮ್ಮ ಗಾಡಿಯುಂಟು ಎಂಬಂತೆ ಫೋನು ಹಿಡಿದು ಕೂತಳು. ಎರಡು ಕಪ್ಪು, ಒಂದು ಹಳದಿ. ಅವನು ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ನೋಡಿದ. ಒತ್ತಿದರೆ ಏನು ತಿಳಿಯುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ. ಆದರೆ ಹೆಣ್ಣು ಕೊಟ್ಟ ಮಾವ ಹೀಗೆ ಒತ್ತುತ್ತಿದ್ದರು, ಒತ್ತಿ ಹುಬ್ಬು ಏರಿಸುತ್ತಿದ್ದರು, ಅದಕ್ಕೆ ಅವನೂ ಹುಬ್ಬು ಏರಿಸಿದ. ಕಾರಿನ ಮುಂದಿನ ಸ್ಪ್ರಿಂಗಿನ ತಲೆಯ ಮೇಲೆ, ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ಕೂರುವ ಬಳೆ ಇದು, ಎಡಕ್ಕೊಂದು, ಬಲಕ್ಕೊಂದು. ಮೆತ್ತಗಿನದು ಹಾಕಿದರೆ ಕೂತವರಿಗೆ ಸುಖ, ರಬ್ಬರಿಗೆ ಆಯಸ್ಸು ಕಡಿಮೆ ಎಂದು ಆಕೆ ಆಗಲೇ ಹೇಳಿದ್ದಳು. ಹಳದಿಯದು ಗಟ್ಟಿ, ಗಾಡಿ ಗುಜರಿಗೆ ಹೋದರೂ ಅದು ಹೋಗುವುದಿಲ್ಲ, ಆದರೆ ರಸ್ತೆಯ ಒಂದೊಂದು ಕಲ್ಲೂ ಕೂತವರ ಮೂಳೆಗೆ ಬಂದು ವರದಿ ಒಪ್ಪಿಸುತ್ತದೆ. ನಡುವಿನದು ಕಂಪನಿಯದು. ಈ ಗಾಡಿ ಮಾಡುವುದನ್ನು ಕಂಪನಿ ಬಿಟ್ಟು ಇಪ್ಪತ್ತು ವರ್ಷವಾಗಿದ್ದರಿಂದ, ಅದು ಕಂಪನಿಯದು ಎಂದು ಹೇಳುವವರಷ್ಟೇ ಈಗ ಉಳಿದಿದ್ದರು. ಗಾಡಿಯಲ್ಲಿ ಕೂರುವವರು ಯಾರು ಎಂದು ಆಕೆ ಫೋನಿನಿಂದ ತಲೆಯೆತ್ತದೆ ಕೇಳಿದಳು. ನಮ್ಮ ಮಾವ, ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದಿದೆ ಎಂದ. ಅಯ್ಯೋ ಪಾಪ, ಹೇಗಾಯಿತು ಎಂದಳು. ರಸ್ತೆಯ ಹಂಪಿನ ಮೇಲೆ ಗಾಡಿ ಕುಕ್ಕರಿಸಿತು, ರಬ್ಬರ್ ಹೋಗಿತ್ತು ಎಂದ. ಹತ್ತು ತಿಂಗಳಿಂದ ಆಸ್ಪತ್ರೆಯಲ್ಲಿ, ಓಣಿಯಲ್ಲಿ, ನೆಂಟರ ಫೋನಿನಲ್ಲಿ ಅದೇ ವಾಕ್ಯವನ್ನು ಅಷ್ಟು ಸಲ ಹೇಳಿದ್ದನೆಂದರೆ, ಈಗ ಅದು ಅವನ ಅಪ್ಪಣೆಗೂ ಕಾಯದೆ ತಾನಾಗಿ ಹೊರಬಂತು.

ರಬ್ಬರ್ ಹೋಗಿರಲಿಲ್ಲ ಎಂದು ಅವನಿಗೆ ಖಾತ್ರಿಯಿತ್ತು ಎಂದಲ್ಲ. ರಬ್ಬರಿನ ಸಂಗತಿ ಅವನಿಗೆ ತಿಳಿಯದು. ತನ್ನ ಕಾಲಿನ ಸಂಗತಿ ತಿಳಿದಿತ್ತು. ಆ ಭಾನುವಾರ ಶಾಲೆಯ ಮುಂದಿನ ಹಂಪು ಎದುರಿಗೆ ಬಂದಾಗ ಅವನ ಬಲಗಾಲು ಬ್ರೇಕಿನ ಮೇಲೆ ಹೋಗಿ, ಹೋದದ್ದು ಅಲ್ಲೇ ಗಾಳಿಯಲ್ಲಿ ನಿಂತಿತು. ಒತ್ತಬಹುದಾಗಿತ್ತು. ಸಮಯವಿತ್ತು, ಬುದ್ಧಿಯೂ ನೆಟ್ಟಗಿತ್ತು. ಪಕ್ಕದಲ್ಲಿ ಮಾವ ಮನೆಯಿಂದ ಹೊರಟಾಗಿನಿಂದಲೂ ಕ್ಲಚ್ಚು, ಕನ್ನಡಿ, ಮೂರನೇ ಗೇರು ಎನ್ನುತ್ತಲೇ ಇದ್ದರು. ಕೊನೆಗೆ, ಬೈಯುವ ದನಿಯಲ್ಲೂ ಅಲ್ಲ, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ದನಿಯಲ್ಲಿ, "ಬಿಡಪ್ಪಾ, ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ" ಎಂದಿದ್ದರು. ಕಾಲು ಕೆಳಗಿಳಿಯಲಿಲ್ಲ. ಗಾಡಿ ಹಾರಿ ಬಿತ್ತು. ಮಾವ ಕಿರುಚಲಿಲ್ಲ, ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದಂತೆ "ಹಾ?" ಎಂದರು, ಅಷ್ಟೆ. ಅವರು ಎರಡು ತಿಂಗಳು ಮಲಗಿದಲ್ಲೇ ಮಲಗಿದರು, ಆಮೇಲೆ ಸೊಂಟಕ್ಕೆ ಗಟ್ಟಿ ಪಟ್ಟಿ ಬಂತು. ಆದರೆ ರಬ್ಬರಿನ ಮಾತನ್ನು ಮೊದಲು ತೆಗೆದವನು ಅವನಲ್ಲ. ಇದನ್ನು ಅವನು ತನ್ನ ಪರವಾಗಿ ದಿನಕ್ಕೊಂದು ಸಲವಾದರೂ ನೆನೆದುಕೊಳ್ಳುತ್ತಿದ್ದ. ಆಸ್ಪತ್ರೆಯ ತಳ್ಳುಮಂಚದ ಮೇಲೆ ಬೆವರುತ್ತ ಮಲಗಿದ್ದ ಮಾವನೇ ಮಗಳ ಕೈ ಹಿಡಿದು, ಮುಂದಿನ ಸ್ಪ್ರಿಂಗ್ ರಬ್ಬರ್ ಹೋಗಿದೆ, ತಪ್ಪು ನನ್ನದೇ, ಗ್ಯಾರೇಜಿನ ಮೇಸ್ತ್ರಿ ಬೇಡಬೇಡ ಅಂದರೂ ಮೆತ್ತಗಿನದೇ ಹಾಕಿಸಿದ್ದೆ ಎಂದದ್ದು. ಹನ್ನೆರಡು ವರ್ಷದ ಹಿಂದೆ ಅತ್ತೆಗೆ ಕೀಲುನೋವು ಜೋರಾಗಿದ್ದಾಗ, ಅವಳಿಗೆ ಗಾಡಿ ಕುಲುಕಬಾರದೆಂದು ಹಾಕಿಸಿದ ರಬ್ಬರು ಅದು. ಅತ್ತೆ ಹೋದಳು, ರಬ್ಬರು ಉಳಿಯಿತು. ಮೆತ್ತಗಿರೋದು ಯಾವುದೂ ತಾಳಲ್ಲ ಬಿಡು ಎಂದು ಮಾವ ಹಾಸಿಗೆಯಲ್ಲಿ ಹೇಳುತ್ತಿದ್ದರೆ ಅವನು ಕಾಲಬಳಿ ನಿಂತು ತಲೆಯಾಡಿಸಿದ್ದ. ತಲೆಯಾಡಿಸಿದ್ದು ಎಷ್ಟು ಸಲವೋ ಲೆಕ್ಕವಿಲ್ಲ.

ಅವನ ಕೆಲಸ ಕಿವಿಯ ಆಸ್ಪತ್ರೆಯಲ್ಲಿ. ಬಂದವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿಸಿದಾಗ ಒತ್ತಿ ಎನ್ನುವುದು. ಇಪ್ಪತ್ತೆರಡು ವರ್ಷದಿಂದ ಮಾಡಿ ಮಾಡಿ ಅವನಿಗೆ ತಿಳಿದದ್ದೆಂದರೆ ಮನುಷ್ಯರು ಕಿವುಡಿಗಿಂತ ಹೆಚ್ಚಾಗಿ ಅವಮಾನಕ್ಕೆ ಹೆದರುತ್ತಾರೆ. ಸದ್ದೇ ಹಾಕದಿದ್ದಾಗಲೂ ಗುಂಡಿ ಒತ್ತುವವರು ಇರುತ್ತಾರೆ. ಗಾಜಿನಾಚೆಯಿಂದ ಅವನ ಮುಖ ನೋಡಿ, ಇಷ್ಟು ಹೊತ್ತಾಯಿತಲ್ಲ, ಈಗ ಒಂದು ಬಂದಿರಬೇಕು ಎಂದು ಅಂದಾಜಿನ ಮೇಲೆ ಒತ್ತುತ್ತಾರೆ. ಒತ್ತುವ ಮೊದಲು ಅವರ ಗಂಟಲು ಒಮ್ಮೆ ಆಡುತ್ತದೆ. ಅದನ್ನು ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲವೆಂದು ಆಸ್ಪತ್ರೆಯಲ್ಲಿ ಹೆಸರು. ಅಂಥವನಿಗೆ ಮಾವ ಈ ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತು, ಮೋರಿಯ ಕಲ್ಲುಚಪ್ಪಡಿಯ ಮೇಲೆ ಗಾಡಿಯನ್ನು ಹೊರಕ್ಕೊಮ್ಮೆ ಒಳಕ್ಕೊಮ್ಮೆ ಓಡಿಸಲು ಹೇಳುತ್ತಿದ್ದರು. ಟಕ್ ಅಂತು, ಕೇಳಿಸ್ತಾ ಎಂದು ಕೇಳುತ್ತಿದ್ದರು. ಕೇಳಿಸ್ತು ಮಾವ ಎನ್ನುತ್ತಿದ್ದ. ಏನೂ ಕೇಳಿಸುತ್ತಿರಲಿಲ್ಲ. ಹೊಸ ರಬ್ಬರು ಹಾಕಿಸುವವರೆಗೂ ತಾನು ಗಾಡಿಯಲ್ಲಿ ಕೂರುವುದಿಲ್ಲ ಎಂದು ಮಾವ ಹಠ ಹಿಡಿದಿದ್ದರು. ಸೋಮವಾರ ಪಟ್ಟಿ ಬಿಚ್ಚುವ ವಿಷಯಕ್ಕೆ ಡಾಕ್ಟರ ಬಳಿ ಹೋಗಬೇಕಿತ್ತು. ಆಂಬುಲೆನ್ಸ್ ತರಿಸುತ್ತೇನೆಂದರೆ, ಅದರಲ್ಲಿ ಒಂದೇ ಸಲ ಹೋಗುತ್ತೇನೆ ಬಿಡು, ಅವಸರ ಇಲ್ಲ ಎಂದಿದ್ದರು. ಇವತ್ತು ಶನಿವಾರ. ಅವನು ನಡುವಿನದನ್ನೇ ಒಂದು ಜೊತೆ ಆರಿಸಿದ. ಮೆತ್ತಗಿನದಕ್ಕೂ ಗಟ್ಟಿಯದಕ್ಕೂ ಯಾವತ್ತಾದರೊಂದು ದಿನ ಜವಾಬು ಕೊಡಬೇಕಾದೀತು. ನಡುವಿನದನ್ನು ಯಾರೂ ಏನೂ ಕೇಳುವುದಿಲ್ಲ. ಶರ್ಟಿನಿಂದ ಮೊದಲ್ಗೊಂಡು ಎಲ್ಲವನ್ನೂ ಅವನು ಹೀಗೇ ಆರಿಸಿದವನು, ಹೆಂಡತಿಯೊಬ್ಬಳನ್ನು ಬಿಟ್ಟು.

ಹೆಂಡತಿಯನ್ನು ಅವನು ಆರಿಸಿದ್ದೂ ಒಂದು ಬಗೆಯ ಅವಮಾನದ ನಡುವೆಯೇ. ಮಾವ ಆಗ ಲೈಸೆನ್ಸ್ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು. ಅವನನ್ನು ಎರಡು ಸಲ ಫೇಲು ಮಾಡಿದ್ದರು. ಎರಡನೇ ಸಲ ಇಪ್ಪತ್ತು ಜನರ ಮುಂದೆ, ಹಂಪು ಕಾಣುವ ಮೊದಲೇ ಬ್ರೇಕ್ ಒತ್ತುತ್ತಾನೆ, ಹಂಪು ಇದೆ ಅಂತ ಯಾರಾದರೂ ಹೇಳಿದರೂ ಒತ್ತುತ್ತಾನೆ, ಇವನಿಗೆ ಬ್ರೇಕಪ್ಪ ಅಂತ ಹೆಸರಿಡಿ ಎಂದಿದ್ದರು. ಅಪ್ಪನಿಗೆ ಕನ್ನಡಕ ಕೊಡಲು ಬಂದಿದ್ದ ಹುಡುಗಿಯೊಬ್ಬಳು ನಕ್ಕಳು. ನಕ್ಕಿದ್ದಕ್ಕೆ ಹೊರಗೆ ಬಂದು ಕ್ಷಮೆಯನ್ನೂ ಕೇಳಿದಳು. ಮೂರನೇ ಸಲ ಇನ್ಸ್‌ಪೆಕ್ಟರು ರಜೆಯಲ್ಲಿದ್ದರು, ಬೇರೆ ಯಾರೋ ಪಾಸು ಮಾಡಿದರು. ಆದ್ದರಿಂದ ಅಳಿಯನ ಲೈಸೆನ್ಸು ಮಾವನ ಲೆಕ್ಕದಲ್ಲಿ ಇವತ್ತಿಗೂ ಊರ್ಜಿತವಲ್ಲ. ಮದುವೆಯಾದ ಮೇಲೆ ಅವರು ಅಳಿಯನನ್ನು ನೀವು, ಬನ್ನಿ, ಕೂತ್ಕೊಳ್ಳಿ ಎಂದು ಬಹುವಚನದಲ್ಲೇ ಮಾತಾಡಿಸುತ್ತ ಬಂದಿದ್ದರು. ಕಾರಿನ ಬಾಗಿಲು ಹಾಕಿಕೊಂಡ ಕ್ಷಣ ಮಾತ್ರ ನೀನು. ಇಳಿದರೆ ಮತ್ತೆ ನೀವು. ಹೆಂಡತಿ ಇದಕ್ಕೂ ನಗುತ್ತಿದ್ದಳು. ಅವಳು ನಗದೆ ಹೋದದ್ದು ಒಂದೇ ಸಲ. ಎರಡನೇ ಗರ್ಭವೂ ಜಾರಿ ಒಂದು ವರ್ಷವಾಗಿರಬೇಕು, ಮನೆ ತುಂಬ ನೆಂಟರಿದ್ದರು. ಯಾರೋ ಈ ಕಾರಿಗೆ ಎಷ್ಟು ವಯಸ್ಸು ಎಂದು ಕೇಳಿದ್ದಕ್ಕೆ ಮಾವ ತಮಾಷೆಯಾಗಿಯೇ, ನಮ್ಮನೇಲಿ ಬೆಳೆಯೋದು ಇದೊಂದೇ ಅಲ್ವಾ ಎಂದುಬಿಟ್ಟರು. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡಳು. ನಲ್ಲಿ ಬಹಳ ಹೊತ್ತು ಹರಿಯಿತು. ಬಚ್ಚಲ ಬಾಗಿಲಲ್ಲಿ ಮಾವ ನಿಂತೇ ಇದ್ದರು, ತಟ್ಟಲೂ ಇಲ್ಲ, ಹೋಗಲೂ ಇಲ್ಲ. ಅದಾದ ಮೇಲೆ ಮನೆಯಲ್ಲಿ ಅವರ ಮಾತು ಅರ್ಧಕ್ಕರ್ಧ ಕಡಿಮೆಯಾಯಿತು, ಉಳಿದದ್ದೆಲ್ಲ ಕಾರಿನಲ್ಲಿ ಅಳಿಯನ ಪಾಲಿಗೆ ಬಂತು.

ಗ್ಯಾರೇಜಿನಲ್ಲಿ ಮೇಸ್ತ್ರಿ ಆಗಲೇ ಮುಂದಿನ ಎರಡು ಚಕ್ರ ಬಿಚ್ಚಿ, ಸ್ಪ್ರಿಂಗುಗಳನ್ನು ಕೊಂಡಿ ಹಾಕಿ ಅದುಮಿ ಕಳಚಿ ಇಟ್ಟಿದ್ದ. ಅರವತ್ತು ದಾಟಿದ ಮನುಷ್ಯ. ಮಾವನ ಬಗ್ಗೆ ಅವನಿಗೆ ಗೌರವ ಮತ್ತು ಮುನಿಸು ಎರಡೂ ಸಮಸಮ ಇತ್ತು. ಅವನದೊಂದು ಪದ್ಧತಿ: ಗಾಡಿಯಿಂದ ತೆಗೆದ ಹಳೇ ಸಾಮಾನು, ಒಂದು ತುಕ್ಕಿನ ಬೋಲ್ಟೇ ಇರಲಿ, ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟೇ ಗಾಡಿ ಕಳಿಸುವುದು. ನಾಳೆ ಯಾರೂ ಬಂದು ಹಳೇದನ್ನೇ ಹಾಕಿದೀಯ ಅನ್ನಬಾರದಲ್ಲ ಎನ್ನುತ್ತಿದ್ದ. ಮೇಸ್ತ್ರಿ ಗಾಡಿಯಿಂದ ತೆಗೆದ ಎರಡು ಕಪ್ಪು ಬಳೆಗಳನ್ನು ಬಟ್ಟೆಯಲ್ಲಿ ಒರೆಸಿ ಅವನ ಅಂಗೈ ಮೇಲಿಟ್ಟ. ಒತ್ತಿ ನೋಡಿ ಸಾರ್ ಎಂದ. ಒತ್ತಿದ. ಈ ಸಲ ಹುಬ್ಬು ತಾನಾಗಿಯೇ ಏರಿತು. ರಬ್ಬರು ಮೆತ್ತಗೆ ತಗ್ಗಿ, ಬೆರಳು ತೆಗೆದೊಡನೆ ಮೊದಲಿನಂತಾಯಿತು. ಸೀಳಿಲ್ಲ, ಬಿರುಕಿಲ್ಲ, ಸ್ಪ್ರಿಂಗು ಕೂತ ಗುರುತು ಕೂಡ ಬೆರಳಿನ ಉಂಗುರದ ಗುರುತಿನಷ್ಟೇ ಇತ್ತು.

"ನಿಮ್ಮ ಮಾವ ಆವತ್ತು ನನ್ನ ಜೊತೆ ಜಗಳ ಆಡಿ ಹಾಕ್ಸಿದ್ದು. ಎರಡೇ ವರ್ಷ ಬರೋದು ಅಂದಿದ್ದೆ. ಅವರೇ ಗೆದ್ರು ನೋಡಿ" ಎಂದ ಮೇಸ್ತ್ರಿ. "ಇದನ್ನ ಯಾಕೆ ಬದಲಾಯಿಸ್ತೀರಾ? ಹೋಗಿ ಹೇಳಿ ಅವರಿಗೆ, ಖುಷಿ ಪಡ್ತಾರೆ."

ಹೇಳಬಹುದಾಗಿತ್ತು. ಮಾವ, ನೀವು ಅತ್ತೆಗೋಸ್ಕರ ಆರಿಸಿದ ರಬ್ಬರು ಹನ್ನೆರಡು ವರ್ಷವಾದರೂ ಹೊಸದರಂತಿದೆ, ಮೇಸ್ತ್ರಿಯೇ ಸೋತೆ ಅಂದ ಎಂದು. ಹತ್ತು ತಿಂಗಳಿಂದ ತನ್ನ ಬೆನ್ನನ್ನು ತಾನೇ ಮುರಿದುಕೊಂಡೆನೆಂದು ಕೊರಗುತ್ತಿದ್ದ ಮುದುಕನ ಎದೆ ಹಗುರಾಗುತ್ತಿತ್ತು. ಆಮೇಲೆ ಒಂದು ನಿಮಿಷ, ಹೆಚ್ಚೆಂದರೆ ಎರಡು. ಇಪ್ಪತ್ತೆಂಟು ವರ್ಷ ಜನರ ಕಾಲುಗಳನ್ನೇ ನೋಡುತ್ತ ನೌಕರಿ ಮಾಡಿದವರು, ರಬ್ಬರಲ್ಲದಿದ್ದರೆ ಮತ್ತೇನು ಎಂದು ಕೇಳದೆ ಇರುತ್ತಾರೆಯೇ? ಅಂದರೆ ಮುದುಕನ ತಪ್ಪು ಇಳಿಯಬೇಕಾದರೆ ಅದು ಇವನ ತಲೆಯ ಮೇಲೇ ಇಳಿಯಬೇಕು, ನಡುವೆ ಇಡಲು ಜಾಗವಿರಲಿಲ್ಲ. ಮೇಸ್ತ್ರಿ ಕೈಯೊರೆಸುತ್ತ ಕಾಯುತ್ತಿದ್ದ. ಬಳೆಯ ಒಳಬದಿಯಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು, ಉಗುರುಬಣ್ಣದ್ದು. ಇನ್ನೊಂದರಲ್ಲೂ ಇತ್ತು. ಅದನ್ನು ನೋಡಿ ಅವನಿಗೆ ಯಾಕೋ ಅತ್ತೆಯ ಕೈ ನೆನಪಾಯಿತು. ನೆನಪಾಗಿ, ಕರುಳು ಚುರುಕ್ಕೆಂದಿತು. ಚುರುಕ್ಕೆಂದದ್ದನ್ನೇ ದೊಡ್ಡದೆಂದುಕೊಂಡು, ಬದಲಾಯಿಸಿಬಿಡಿ ಎಂದ. ಅಷ್ಟಕ್ಕೇ ಬಿಡಲಿಲ್ಲ. ನಿಮ್ಮಲ್ಲಿ ಇದೇ ಅಳತೆಯ, ಪೂರ್ತಿ ಹೋಗಿರುವ ಹಳೇ ರಬ್ಬರು ಎರಡು ಸಿಗಬಹುದೇ ಎಂದು, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರು ಸುಳ್ಳು ಸರ್ಟಿಫಿಕೇಟು ಕೇಳುವ ತಗ್ಗಿದ ದನಿಯಲ್ಲಿ ಕೇಳಿದ.

ಮೇಸ್ತ್ರಿ ಕೈಯೊರೆಸುವುದನ್ನು ನಿಲ್ಲಿಸಿದ. ಹೊಸದು ಹಾಕದೆ ಹಾಕಿದೆ ಅಂತ ಸುಳ್ಳು ಹೇಳಿಸೋಕೆ ಬಂದವರನ್ನು ನೋಡಿದೀನಿ, ಚೆನ್ನಾಗಿರೋದನ್ನ ಕೆಟ್ಟಿದೆ ಅಂತ ತೋರಿಸೋಕೆ ಬಂದವರು ನೀವೇ ಮೊದಲು ಎಂದ. ನನ್ನ ಕೈಯಾರೆ ಕೊಡಲ್ಲ ಸಾರ್, ಮೂಲೇಲಿ ಡಬ್ಬ ಇದೆ, ನೀವುಂಟು ಅದುಂಟು ಎಂದು ಬೆನ್ನು ತಿರುಗಿಸಿದ. ಒಂದೇ ದಿನ ಎರಡನೇ ಸಲ ಹೀಗೆ ಅವನನ್ನು ಅವನಿಗೇ ಒಪ್ಪಿಸಿ ಜನ ದೂರ ಸರಿದಿದ್ದರು. ಇಸ್ತ್ರಿಯ ಶರ್ಟಿನ ತೋಳು ಮಡಿಚಿ, ಎಣ್ಣೆಮಸಿಯ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಿದ. ಹಳೇ ಬುಷ್ಷು, ಹರಿದ ಬೆಲ್ಟು, ಯಾವುದೋ ಗಾಡಿಯ ಕನ್ನಡಿ; ಆ ಚೂರಿನಲ್ಲಿ ತನ್ನ ಗಲ್ಲ ಕಂಡಿತು, ಗಂಟಲು ಒಮ್ಮೆ ಆಡಿದ್ದೂ ಕಂಡಿತು. ಕೊನೆಗೆ ಚಪ್ಪಟೆಯಾಗಿ ಸೀಳಿದ ಎರಡು ಬಳೆ ಸಿಕ್ಕವು. ಎಷ್ಟು ಚೆನ್ನಾಗಿ ಹಾಳಾಗಿದ್ದವೆಂದರೆ ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಮೇಸ್ತ್ರಿ ಕೆಲಸ ಮುಗಿಸಿ, ಡಿಕ್ಕಿಯನ್ನು ದಢಾರನೆ ಮುಚ್ಚಿ, ಬೀಗದ ಕೈ ಕೊಟ್ಟ.

ಎರಡನೇ ಸಿಗ್ನಲ್ಲಿನಲ್ಲಿ ನಿಂತಾಗ ಕಣ್ಣು ಗೇರಿನ ಕೋಲಿನ ಗುಬುಟಿನ ಮೇಲೆ ಬಿತ್ತು. ಅಲ್ಲೊಂದು ಕೆಂಪು ಚುಕ್ಕೆ. ಬೀಗದ ಕೈಯ ಮೇಲೂ ಒಂದು. ಹಿಂದಿನಿಂದ ಹಾರ್ನು ಹೊಡೆದರೂ ಅವನು ಹಾಗೇ ಕೂತಿದ್ದ. ತನ್ನ ಕಣ್ಣಾರೆ ಪರೀಕ್ಷಿಸಿ ಒಪ್ಪಿದ ಪ್ರತಿಯೊಂದಕ್ಕೂ ಮಾವ ಒಂದು ಚುಕ್ಕೆ ಇಡುತ್ತಿದ್ದರು: ಕೊಡೆ, ಗ್ಯಾಸಿನ ಕೊಳವೆ, ಮಾತ್ರೆಯ ಡಬ್ಬಿ, ಬಕೀಟಿನ ಹಿಡಿಕೆ. ನೌಕರಿಯಲ್ಲಿದ್ದಾಗ ಕೆಂಪು ಶಾಯಿ. ಶಾಯಿ ಅಳಿಸಿಹೋಗುತ್ತದೆಂದು ಆಮೇಲೆ ಅತ್ತೆಯ ಉಗುರುಬಣ್ಣ. ಅವನ ಲೈಸೆನ್ಸಿನ ಮೇಲೆ ಮಾತ್ರ ಚುಕ್ಕೆ ಬಿದ್ದಿರಲಿಲ್ಲ. ಹಳೇ ರಬ್ಬರು ಎಲ್ಲಿ ಎಂದು ಅವರು ಕೇಳಿಯೇ ಕೇಳುತ್ತಾರೆ, ಕೈಗೆ ಬಂದೊಡನೆ ಒಳಬದಿ ತಿರುಗಿಸುತ್ತಾರೆ. ನಿಜವಾದವು ಗ್ಯಾರೇಜಿನಲ್ಲೇ ಉಳಿದವಲ್ಲ ಎಂದುಕೊಂಡ. ಮೇಸ್ತ್ರಿಯ ಪದ್ಧತಿ ಆ ಗಾಬರಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ. ಕಳ್ಳನಿಗೆ ಒಂದು ದಾರಿಯಾದರೆ ಸುಳ್ಳನಿಗೆ ಅಂಗಡಿ ಅಂಗಡಿ ತಿರುಗುವ ಯೋಗ. ನಲವತ್ತೆಂಟು ವರ್ಷದ ಗಂಡಸು, ಮೊಣಕೈಗೆ ಗ್ರೀಸು ಮೆತ್ತಿಕೊಂಡು, ಅಲಂಕಾರದ ಸಾಮಾನಿನ ಅಂಗಡಿಯಲ್ಲಿ ಕೆಂಪು ಉಗುರುಬಣ್ಣಗಳ ಮುಂದೆ ನಿಂತ. ಬೆಳಿಗ್ಗೆ ಮೂರರಲ್ಲಿ ಒಂದನ್ನು ಆರಿಸಬೇಕಿತ್ತು. ಇಲ್ಲಿ ಕೆಂಪೇ ಹದಿನಾಲ್ಕು. ಯಾರಿಗೆ ಸಾರ್, ಮೇಡಮ್ಮಿಗಾ ಎಂದು ಮಾರುವ ಹುಡುಗಿ ಕೇಳಿದಾಗ, ಬಾಯಿ ಜಾರಿ ನಮ್ಮ ಮಾವನಿಗೆ ಎಂದುಬಿಟ್ಟ. ಅವಳು ಬಹಳ ಸಭ್ಯವಾಗಿ ಮುಖ ತಿರುಗಿಸಿಕೊಂಡಳು. ಹಳತಾದ ಹಾಗೆ ಕಾಣುವ ಕೆಂಪು ಬೇಕು ಎಂದು ಅವನು ಇನ್ನೊಂದು ಮಾತನ್ನೂ ಸೇರಿಸಿದ, ಅದರಿಂದ ಏನೂ ಸುಧಾರಿಸಲಿಲ್ಲ. ಮನೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಆ ಪುಟ್ಟ ಕುಂಚದಿಂದ ಎರಡು ಸೀಳು ರಬ್ಬರುಗಳಿಗೂ ಒಂದೊಂದು ಚುಕ್ಕೆ ಇಟ್ಟು, ಬಾಯಿಂದ ಊದಿ ಊದಿ ಆರಿಸಿದ. ಚುಕ್ಕೆಯ ಮೇಲೆ ಬೆರಳಿನಿಂದ ಸ್ವಲ್ಪ ಮಸಿ ಸವರಿದ. ಇಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿ ವರ್ಷಗಳಾಗಿದ್ದವು ಎನ್ನಿಸಿ ನಾಚಿಕೆಯಾಯಿತು.

ಮಾವ ನಡುಮನೆಯಲ್ಲಿ ಗೋಡೆಗೊರಗದೆ ನೆಟ್ಟಗೆ ಕೂತಿದ್ದರು. ಪಟ್ಟಿ ಕಟ್ಟಿಕೊಂಡವರಿಗೆ ಬೇರೆ ಬಗೆಯಲ್ಲಿ ಕೂರಲು ಬರುವುದಿಲ್ಲ. ಗ್ರಂಥಾಲಯದ ಕೆಲಸ ಮುಗಿಸಿ ಬಂದಿದ್ದ ಹೆಂಡತಿ ಟೀ ತಂದಿಟ್ಟು, ಅವನ ಶರ್ಟಿನ ತೋಳು ನೋಡಿ, ಇದೇನು ಮೇಸ್ತ್ರಿ ಜೊತೆ ನೀವೂ ಕೈ ಜೋಡಿಸಿದಿರಾ ಎಂದಳು. ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ, ಯಾವುದು ಹಾಕಿಸಿದಿರಿ ಎಂದರು ಮಾವ. ನಡುವಿನದು ಎಂದ. ನೀವು ಅದನ್ನೇ ಹಾಕಿಸ್ತೀರಿ ಅಂತ ಗೊತ್ತಿತ್ತು ಎಂದರು. ಅಂಗೈ ಚಾಚಿದರು. ಅವನು ಚೀಲದಿಂದ ಎರಡು ಬಳೆ ತೆಗೆದು ಕೊಟ್ಟ. ಮಾವ ಒತ್ತಿದರು. ರಬ್ಬರು ಮಣ್ಣಿನ ಹೆಂಟೆಯಂತೆ ಉದುರಿತು. ಅವರ ಹುಬ್ಬು ಏರಲಿಲ್ಲ. ಒಳಬದಿ ತಿರುಗಿಸಿದರು, ಚುಕ್ಕೆ ಕಂಡಿತು, ಕನ್ನಡಕ ಹಣೆಗೇರಿಸಿ ಹತ್ತಿರ ತಂದರು, ಇನ್ನೂ ಹತ್ತಿರ ತಂದರು, ಮೂಗಿನವರೆಗೂ.

"ಹನ್ನೆರಡು ವರ್ಷದ ಬಣ್ಣ" ಎಂದರು ಮಾವ. "ಇನ್ನೂ ವಾಸನೆ ಹೋಗಿಲ್ಲ. ಒಳ್ಳೇ ಕಂಪನಿ."

ಹೆಂಡತಿ ಏನಪ್ಪಾ ಅದು, ಪೂರ್ತಿ ಹೋಗಿದೆಯಾ ಎಂದು ಅಡುಗೆಮನೆಯಿಂದ ಕೇಳಿದಳು. ಪೂರ್ತಿ ಹೋಗಿದೆಯಮ್ಮಾ ಎಂದು ಮಾವ ಕೂಗಿ ಹೇಳಿದರು. ಆ ಎರಡು ಚೂರುಗಳನ್ನು ಟೀಪಾಯಿಯ ಮೇಲೆ, ಯಾರದೋ ಬಿದ್ದ ಹಲ್ಲುಗಳನ್ನು ಇಟ್ಟಷ್ಟು ಜೋಪಾನವಾಗಿ ಇಟ್ಟು, ಕೋಲು ಕೇಳಿದರು. ಒಂದು ಸುತ್ತು ಹೋಗಿ ಬರೋಣ, ಹಾಕಿಸಿದ ಮೇಲೆ ನೋಡದೆ ಇದ್ದರೆ ಹೇಗೆ ಎಂದರು. ಹತ್ತು ತಿಂಗಳಲ್ಲಿ ಮೊದಲ ಸಲ ಅಪ್ಪ ಗಾಡಿ ಹತ್ತುತ್ತೇನೆಂದದ್ದಕ್ಕೆ ಮಗಳ ಮುಖ ಅರಳಿತು. ಬ್ರೇಕಪ್ಪನವರೇ ಜೋಪಾನ ಎಂದು ಗಂಡನಿಗೆ ಹೇಳಿ, ದಿಂಬೊಂದನ್ನು ತಂದು ಮುಂದಿನ ಸೀಟಿನಲ್ಲಿಟ್ಟಳು. ಬಾಗಿಲು ಹಾಕಿದ್ದಾಯಿತು. ನಡಿ, ಶಾಲೆ ಕಡೆ ಎಂದರು ಮಾವ.

ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ. ಕ್ಲಚ್ಚಿಲ್ಲ, ಕನ್ನಡಿಯಿಲ್ಲ. ಮದುವೆಯಾದ ಇಷ್ಟು ವರ್ಷದಲ್ಲಿ ಈ ಮೌನಕ್ಕಾಗಿ ಅವನು ಎಷ್ಟು ಹಂಬಲಿಸಿದ್ದ. ಈಗ ಸಿಕ್ಕಿದಾಗ, ದೇವರೇ, ಗೇರಿನ ಬಗ್ಗೆ ಏನಾದರೂ ಅನ್ನಲಿ ಎಂದು ಬೇಡಿಕೊಳ್ಳುತ್ತಿದ್ದ. ಬೇಕೆಂದೇ ಎರಡನೇ ಗೇರಿನಲ್ಲಿ ಎಂಜಿನ್ನು ಅರಚುವವರೆಗೂ ಓಡಿಸಿದ. ಮಾವ ಕಿಟಕಿಯಾಚೆ ನೋಡುತ್ತಿದ್ದರು. ಶಾಲೆಯ ಕಾಂಪೌಂಡು ಬಂತು. ಶನಿವಾರದ ಸಂಜೆ, ಗೇಟು ಹಾಕಿತ್ತು, ಹಂಪಿನ ಬಿಳಿ ಪಟ್ಟೆಗಳ ಮೇಲೆ ಒಂದು ನಾಯಿ ಮಲಗಿತ್ತು. ಅವನ ಕಾಲು ತಾನಾಗಿಯೇ ಬ್ರೇಕು ಒತ್ತಿತು, ಹಂಪು ಇನ್ನೂ ಐವತ್ತು ಗಜ ದೂರವಿರುವಾಗಲೇ. ಗಾಡಿ ನಿಂತಿತು.

"ನೋಡು" ಎಂದರು ಮಾವ, ಸಿಟ್ಟಿಲ್ಲದೆ. "ಇದು ನೀನು. ಇಷ್ಟು ದೂರದಲ್ಲೇ ಬ್ರೇಕ್ ಒತ್ತೋನು. ಎರಡು ಸಲ ಫೇಲ್ ಮಾಡಿದ್ದು ಸುಮ್ಮನೇನಾ? ಆವತ್ತು ಒತ್ತಲಿಲ್ಲ ಅಂದ್ರೆ ಬೇಕು ಅಂತಲೇ ಒತ್ತಲಿಲ್ಲ. ಗಾಳಿಯಲ್ಲಿ ಇದ್ದಾಗಲೇ ಗೊತ್ತಾಯ್ತು ನನಗೆ."

ಅವನು ಸ್ಟೀರಿಂಗನ್ನು ಬಿಡಲಿಲ್ಲ. ಹೌದು ಮಾವ, ಬೇಕಂತಲೇ ಎಂದ. ಅಂದದ್ದು ಕೇಳಿಸುವಷ್ಟು ಜೋರಾಗಿತ್ತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಅಂದ. ಕೇಳಿಸ್ತು, ನನ್ನ ಕಿವಿ ಚೆನ್ನಾಗೇ ಇದೆ ಎಂದರು. ಎಂಜಿನ್ನು ಗುರುಗುಡುತ್ತಿತ್ತು. ನಾಯಿ ಎದ್ದು ಮೈಮುರಿದು ಮತ್ತೆ ಅಲ್ಲೇ ಮಲಗಿತು. ಮಾವ ಪಟ್ಟಿಯ ಕೊಂಡಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಪರೀಕ್ಷೆಗೆ ಕೂತವರು ಅರ್ಜಿಯ ಅಂಚನ್ನು ಹೀಗೇ ಮುಟ್ಟುತ್ತಿದ್ದರು.

"ಒಂದು ಕೇಳ್ತೀನಿ. ನಿಜ ಹೇಳು" ಎಂದರು. "ಆವತ್ತು ನಾನು ಏನು ಹೇಳ್ತಾ ಇದ್ದೆ? ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಾ ಇಲ್ಲ. ಆ ಪೆಟ್ಟಿನಲ್ಲಿ ಅದೇ ಅಳಿಸಿಹೋಗಿದೆ. ಮಕ್ಕಳಾಗದ ವಿಷಯ ಏನಾದ್ರೂ ಬಂತಾ ನನ್ನ ಬಾಯಲ್ಲಿ? ಅವಳ ವಿಷಯ?"

ಅವನು ತಿರುಗಿ ನೋಡಿದ. ಮುದುಕನ ಮುಖದಲ್ಲಿ ಅವನು ಈವರೆಗೆ ಕಾಣದಿದ್ದ ಹೆದರಿಕೆಯಿತ್ತು. ಬಚ್ಚಲ ಬಾಗಿಲಲ್ಲಿ ತಟ್ಟದೆ ನಿಂತಿದ್ದವರು ಹತ್ತು ತಿಂಗಳಿಂದ ಮನಸ್ಸಿನಲ್ಲಿ ಅದೇ ಬಾಗಿಲಲ್ಲೇ ನಿಂತಿದ್ದರು; ಬ್ರೇಕಪ್ಪನಂಥವನೂ ಬ್ರೇಕು ಬಿಡಬೇಕಾದರೆ ತಾನೇನೋ ಆಡಬಾರದ್ದನ್ನು ಆಡಿರಬೇಕೆಂದು, ಅದೇನೆಂದು ಯಾರೂ ಕೇಳದಿರಲೆಂದು, ಇಡೀ ತಪ್ಪನ್ನು ರಬ್ಬರಿನ ಮೇಲೆ ಹೊರಿಸಿ ಕೂತಿದ್ದರು. ಅವನಿಗೆ ಒಮ್ಮೆಲೇ ಎಲ್ಲ ಬೆಳಕಾಯಿತು. ಬೆಳಕಾದೊಡನೆ ಇನ್ನೂ ಒಂದು ಕಂಡಿತು: ಹೌದು ಎಂದರೆ ಸಾಕು. ಹೌದು ಮಾವ, ಅದನ್ನೇ ಅಂದಿರಿ, ಅದಕ್ಕೇ ನನಗೆ ತಡೆಯಲಾಗಲಿಲ್ಲ ಎಂದರೆ, ಮುರಿದ ಬೆನ್ನಿಗೆ ಒಂದು ಘನವಾದ ಕಾರಣ ಸಿಗುತ್ತಿತ್ತು. ಹೆಂಡತಿಯ ಪರವಾಗಿ ಒಮ್ಮೆಯಾದರೂ ರೋಷ ತೋರಿದ ಗಂಡ ತಾನಾಗುತ್ತಿದ್ದ. ಇಡೀ ದಿನ ಗ್ರೀಸಿನ ಡಬ್ಬದಲ್ಲಿ, ಬಣ್ಣದ ಅಂಗಡಿಯಲ್ಲಿ ಹುಡುಕಿ ಬೆವರಿದ ಸುಳ್ಳು ಈಗ ಪುಕ್ಕಟೆಯಾಗಿ, ಅದೂ ಸುಳ್ಳಿಗೊಳಗಾಗುವವರ ಕೈಯಿಂದಲೇ ಬಂದಿತ್ತು. ಗಂಟಲು ಆಡಿತು. ಮಾವ ಅದನ್ನೇ ನೋಡುತ್ತಿದ್ದರು.

"ಇಲ್ಲ ಮಾವ" ಎಂದ. "ಗೇರಿನ ವಿಷಯ. ಮೂರನೇ ಗೇರಿಗೆ ಹಾಕು ಅಂದ್ರಿ. ಆಮೇಲೆ, ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ ಅಂದ್ರಿ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ಕ್ಲಚ್ಚು."

"ಅಷ್ಟೇನಾ?"

"ಅಷ್ಟೇ."

ಮಾವ ದೊಡ್ಡದೊಂದು ಉಸಿರು ಬಿಟ್ಟರು. ಸ್ವಲ್ಪ ಹೊತ್ತು ನೆಮ್ಮದಿಯಿಂದ ಕಿಟಕಿಯಾಚೆ ನೋಡಿದರು. ಆಮೇಲೆ ಆ ನೆಮ್ಮದಿಯ ಅಡಿಯಿಂದ ಇನ್ನೊಂದು ನಿಧಾನವಾಗಿ ಮೇಲೆ ಬಂತು. ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ಅಳಿಯನನ್ನು ನೋಡಿದರು. "ಬರೀ ಗೇರಿಗೆ ನನ್ನ ಬೆನ್ನು ಮುರಿದ್ಯೇನೋ?" ಎಂದರು. ಆ ಕಾರಣ ಎಷ್ಟು ಸಣ್ಣದಾಗಿತ್ತೆಂದರೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವನು ಅತ್ತ. ಮಾವನಿಗೆ ನಗು ಬಂತೋ ಏನೋ, ಪಕ್ಕೆ ಹಿಡಿದುಕೊಂಡರು. ನಕ್ಕರೆ ನೋಯುತ್ತದೆಂದು ಡಾಕ್ಟರು ಹೇಳಿದ್ದರು. ನೋವು ಇಳಿಯುವವರೆಗೆ ಕಾದು, ನಿಜವಾದ ರಬ್ಬರು ಎಲ್ಲಿ ಎಂದು ಕೇಳಿದರು. ಗ್ಯಾರೇಜಿನಲ್ಲಿ ಎಂದ. ಆ ಮೇಸ್ತ್ರಿ ಹಳೇ ಸಾಮಾನು ಇಟ್ಟುಕೊಳ್ಳೋನಲ್ಲ, ಡಿಕ್ಕಿಯಲ್ಲಿರುತ್ತೆ ನೋಡು ಎಂದರು. ಇಳಿದು ನೋಡಿದ. ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿತ್ತು. ತಂದು ಕೈಯಲ್ಲಿಟ್ಟ. ಮಾವ ಒತ್ತಿದರು, ಹುಬ್ಬು ಏರಿತು, ಒಳಬದಿ ತಿರುಗಿಸಿ ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು, ಅದನ್ನು ತೆಗೆಯದೆಯೇ ಕೂತರು. ಪರವಾಗಿಲ್ಲ ಕಣೇ, ತಾಳಿದೆ ಎಂದರು. ಅದು ಅಳಿಯನಿಗೆ ಹೇಳಿದ್ದಲ್ಲ.

ಹೊರಡು ಎಂದರು ಆಮೇಲೆ. ಅವನು ನಾಯಿಗೆ ಹಾರ್ನು ಹೊಡೆದು, ಅದು ಏಳುವವರೆಗೆ ಕಾದು, ಗಾಡಿಯನ್ನು ಹಂಪಿನ ಮೇಲೆ ಹತ್ತಿಸಿದ. ಮುಂದಿನ ಚಕ್ರ ಏರಿತು, ಇಳಿಯಿತು. ಹಿಂದಿನದು ಏರಿತು, ಇಳಿಯಿತು. ಮಾವ ಕಣ್ಣು ಮುಚ್ಚಿಕೊಂಡು ಆಲಿಸಿದರು.

"ಟಕ್ ಅಂತಾ? ಕೇಳಿಸ್ತಾ?"

"ಇಲ್ಲ ಮಾವ" ಎಂದ. "ಮುಂಚೇನೂ ಯಾವತ್ತೂ ಕೇಳಿಸಿರಲಿಲ್ಲ."

"ನನಗೂ ಇಲ್ಲ" ಎಂದರು ಮಾವ. "ಮೂರನೇ ಗೇರಿಗೆ ಹಾಕು."